ಮುಳ್ಳಿಗೆ ಉಡಿಸಿದ ಸೀರೆ

ಇಳಕಲ್
೧೮ ನವೆಂಬರ್ ೨೦೨೪

ಗೆಳೆಯ ಅಬ್ದುಲಸಾಬನಿಗೆ ಪಾಂಡಪ್ಪನ ಸಲಾಮು.

ನಾವು ಇಲ್ಲಿ ಆರಾಮ. ಸೊಲ್ಲಾಪುರದಲ್ಲಿ ನೀನು, ಕಾಸಿಂಬಿ ಭಾಬಿ, ಮಗಳು ನರ್ಗೀಸ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಗೆ ಮೊದಲೇ ಬರೆಯಬೇಕಾಗಿತ್ತು. ಆದರೆ ಹಬ್ಬ ಮುಂದಿರುವಾಗ ಸೀರೆ ಮಾರುವವನಿಗೆ ಗಿರಾಕಿ ನೆನಪಾಗುತ್ತದೆ, ಹಬ್ಬ ಮುಗಿದ ಮೇಲೆ ಗೆಳೆಯ ನೆನಪಾಗುತ್ತಾನೆ. ಇದಕ್ಕೆ ಬೇರೆ ನೆಪ ಹುಡುಕಿ ಕಾಗದ ಹಾಳು ಮಾಡುವುದಿಲ್ಲ.

‘ಈಗಿನ ಕಾಲದಾಗ ಯಾರ್ರೀ ಮಾವಾರ ಪತ್ರ ಬರೀತಾರ, ಫೋನ ಮಾಡಬಾರದ?’ ಎಂದು ಸೊಸೆ ಭಾಗ್ಯಜ್ಯೋತಿ ಕೇಳಿದಳು. ಆ ಮನುಷ್ಯನಿಗೆ ಫೋನು ಮಾಡಿದರೆ ನಮ್ಮ ಓಣಿಗೆಲ್ಲ ಕೇಳಿಸುತ್ತದವ್ವಾ, ಅವನೊಬ್ಬನಿಗೆ ಬಿಟ್ಟು ಎಂದೆ. ಕಿವಿಯ ಮಷೀನನ್ನು ನೀನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೀ ಎಂದು ನರ್ಗೀಸ ದೂರು ಹೇಳಿದ್ದಾಳೆ. ಇನ್ನು ಮೊಬೈಲಿನಲ್ಲಿ ಬರೆಯೋಣವೆಂದರೆ ಅಲ್ಲಿಯ ಅಕ್ಷರಗಳು ಈಚೆಗೆ ಇರುವೆ ಸಾಲಿನ ಹಾಗೆ ಹರಿದಾಡುತ್ತವೆ. ಕಂಪನಿಯವರು ಬೇಕೆಂದೇ ಸಣ್ಣದು ಮಾಡಿರಬೇಕು, ಕನ್ನಡಕದವರ ಜೊತೆ ಪಾಲುದಾರಿಕೆ ಇದ್ದೀತು. ಈ ಸಲ ನನ್ನ ಅಕ್ಷರ ದಪ್ಪ ಕಾಣುತ್ತಿದ್ದರೆ ಆಶ್ಚರ್ಯಪಡಬೇಡ, ಮೊಮ್ಮಗಳ ಕರಿ ಸ್ಕೆಚ್ ಪೆನ್ನು ಕೈಗೆ ಸಿಕ್ಕಿದೆ.

ಸುದ್ದಿ ಏನೆಂದರೆ ನನ್ನ ಗಾಡಿಯ ಮೀಟರು ಒಡೆಯಿತು. ಅದೇ ಗಾಡಿ; ನೀನು ಹಿಂದೆ ಕೂತು ತೊಡೆಯ ಮೇಲೆ ಬಣ್ಣ ಹಾಕಿದ ರೇಷ್ಮೆಯ ಲಡಿ ಇಟ್ಟುಕೊಂಡು ಬರುತ್ತಿದ್ದ ಗಾಡಿ. ಅಂಗಡಿಯಲ್ಲಿ ಈಗ ಮಗ ಯುವರಾಜ ಕೂಡುತ್ತಾನೆ. ಅಂಗಡಿ ಅವನದು, ರಸ್ತೆ ನನ್ನದು ಎಂದು ನಮ್ಮೊಳಗೆ ವಾಟ್ನಿಯಾಗಿದೆ. ಹುನಗುಂದದ ವಕೀಲರ ಮನೆಗಳು, ಬಾಗಲಕೋಟೆ ವಿದ್ಯಾಗಿರಿಯ ಮೇಡಂಗಳ ಮನೆಗಳು, ಅಮೀನಗಡದ ನಾಲ್ಕು ಮನೆತನ, ಇವೆಲ್ಲ ನನ್ನ ಕಾಲಿನ ಗಿರಾಕಿಗಳು. ಗಂಟು ಹಿಂದೆ ಕಟ್ಟಿಕೊಂಡು ಹೊರಟೆನೆಂದರೆ ನಾನು ಇನ್ನೂ ಪಾಂಡಪ್ಪ. ಗಾಡಿ ಇಲ್ಲದಿದ್ದರೆ ಯುವರಾಜನ ಅಪ್ಪ, ಅಷ್ಟೆ.

ಆ ದಿನ ಮಾದೇವಿ ಹಿಂದೆ ಕೂತಿದ್ದಳು, ಅಮೀನಗಡದಲ್ಲಿ ಅವಳ ತಂಗಿಯ ಮನೆಗೆ ಹೊರಟಿದ್ದೆವು. ಊರು ಹತ್ತಿರವಾದಾಗ ಕಬ್ಬಿಣದ ಸಳಿ ಹೇರಿದ ಟ್ರ್ಯಾಕ್ಟರು ಮುಂದೆ ನಿಂತಿದೆ. ಸಳಿಗಳು ಟ್ರೇಲರು ದಾಟಿ ಹೊರಗೆ ಚಾಚಿವೆ. ನಾನು ಮೀಟರು ನೋಡುತ್ತಿದ್ದೆ. ಗಾಜು ಮಸುಕಾಗಿ ಅಂಕಿ ಕಾಣದೆ ಬಗ್ಗಿ ನೋಡುತ್ತಿದ್ದೆ. ಮಾದೇವಿ ಚೀರಿದಳು, ಬ್ರೇಕು ಒತ್ತಿದೆ, ಒಂದು ಸಳಿಯ ತುದಿ ಮೀಟರಿನ ಗಾಜಿಗೆ ಟಕ್ ಎಂದು ಬಡಿದು ನಿಂತಿತು. ಗಾಜು ಒಡೆಯಿತು, ನಾವು ಬೀಳಲಿಲ್ಲ. ಒಂದು ಗೇಣು ಮುಂದೆ ಹೋಗಿದ್ದರೆ ಈ ಪತ್ರವನ್ನು ಯುವರಾಜ ಬರೆಯುತ್ತಿದ್ದ.

‘ಅಷ್ಟ ದೊಡ್ಡ ಕೆಂಪ ಅರಿವಿ ಕಟ್ಯಾರ ಸಳಿಗೆ, ಕಾಣಲಿಲ್ಲೇನ್ರಿ ನಿಮಗ?’ ಎಂದಳು.

‘ಕೆಂಪ ಎಲ್ಲೈತಿ? ಮಣ್ಣಬಣ್ಣದ ಚಿಂದಿ ಅದು.’

‘ಯವ್ವಾ! ರಕ್ತದಂಗ ಕೆಂಪ ಐತಿ.’

‘ಮಾದೇವಿ, ಹುಟ್ಟಿದಾಗಿಂದ ಅರಿವಿ ಮಾರೀನಿ ನಾ. ನನಗ ಕೆಂಪ ಕಲಸಬ್ಯಾಡ.’

ಅವಳ ಗುಣ ನಿನಗೆ ಗೊತ್ತಿದೆ. ನಾನು ಗುರುವಾರ ಎಂದರೆ ಬುಧವಾರ ಎನ್ನುತ್ತಾಳೆ, ನೋಡಿದರೆ ಬುಧವಾರವೇ ಇರುತ್ತದೆ. ಗಿರಾಕಿಯ ಎದುರಿಗೆ ನಾನು ‘ಇದು ಅಪ್ಪಟ ರೇಷ್ಮಿ’ ಎಂದರೆ ಒಳಗಿಂದ ‘ಸೆರಗ ಅಷ್ಟ’ ಎನ್ನುವವಳು ಅವಳು. ನನ್ನ ಮಾತಿಗೆ ಅವಳು ‘ಹೌದು’ ಎಂದದ್ದು ಒಮ್ಮೆಯೇ, ಹೆಣ್ಣು ನೋಡಲು ಹೋದಾಗ. ಅದನ್ನೂ ಅವಳ ಪರವಾಗಿ ಅವಳಪ್ಪ ಅಂದಿದ್ದ. ಅಲ್ಲೇ ರಸ್ತೆಯ ಮೇಲೆ ಚಾವಿ ಕಿತ್ತುಕೊಂಡು ಸೊಂಟದ ಸಂಚಿಗೆ ಹಾಕಿಕೊಂಡಳು. ಗಾಡಿ ಟೆಂಪೋದಲ್ಲಿ, ನಾವು ಬಸ್ಸಿನಲ್ಲಿ ಮನೆಗೆ ಬಂದೆವು.

ತಪ್ಪು ಮೀಟರಿನದು, ಅದು ಮಸುಕಾದದ್ದಕ್ಕೇ ಬಗ್ಗಬೇಕಾಯಿತು ಎಂದು ನಾನು ವಾದಿಸಿದೆ. ಅವಳು ಕಣ್ಣಿನ ದವಾಖಾನೆ ಎಂದಳು. ಕೊನೆಗೆ ತೀರ್ಮಾನ ಹೀಗಾಯಿತು: ‘ಆತು, ಮೀಟರ ನೆಟ್ಟಗ ಮಾಡ್ರಿ. ನನ್ನ ಹಿಂದ ಕುಂಡ್ರಿಸಿಕೊಂಡು ಅಮೀನಗಡಕ್ಕ ಹೋಗಿ ಬರ್ರಿ. ನಾ ಚೀರಲಿಲ್ಲಂದ್ರ ಚಾವಿ ನಿಮ್ದು. ಚೀರಿದ್ನಿ ಅಂದ್ರ ಈ ಸಂಚಿಯೊಳಗಿಂದ ಹೊರಗ ಬರೂದಿಲ್ಲ.’ ಕರಾರು ನ್ಯಾಯವಾಗಿಯೇ ಇತ್ತು. ಒಪ್ಪಿದೆ.

ನಿನ್ನ ತಂಗಿಯ ಮಗ ಮುಜಮ್ಮಿಲನ ಗ್ಯಾರೇಜಿಗೆ ಹೋಗಿ ಕೇಳಿದೆ. ‘ಗಾಜ ಒಂದ ಬರೂದಿಲ್ಲ ಕಾಕಾ, ಪೂರಾ ಮೀಟರ ಬರತೈತಿ’ ಎಂದ. ಗುಂಡಿ ಹೋದರೆ ಅಂಗಿ ಹೊಸದು ಹೊಲಿಸುತ್ತಾರೇನಲೇ ಎಂದು ಬೈದು, ಒಂದು ಸ್ಕ್ರೂ ಡ್ರೈವರು ಇಸಗೊಂಡು ಬಂದೆ. ಅವನು ಹಿಂದಿನಿಂದ ಕೂಗಿ ಏನೋ ಹೇಳಿದ, ಕೇಳಿಸಿಕೊಳ್ಳಲಿಲ್ಲ. ಕಿವುಡು ನಿನ್ನೊಬ್ಬನ ಆಸ್ತಿಯಲ್ಲ.

ಮೀಟರು ಬಿಚ್ಚುವುದು ಅಂಥ ವಿದ್ಯೆಯೇನಲ್ಲ. ಕೆಳಗೆ ಒಂದು ಕೇಬಲ್ಲು ಇರುತ್ತದೆ, ಮುಂದಿನ ಗಾಲಿ ತಿರುಗಿದ್ದನ್ನು ಅದು ಮೇಲಕ್ಕೆ ವರದಿ ಮಾಡುತ್ತದೆ. ಅದರ ತಿರುಪು ಕೈಯಿಂದಲೇ ಬರುತ್ತದೆ. ಬಲ್ಬುಗಳು ರಬ್ಬರಿನ ಟೊಪ್ಪಿಗೆಯಲ್ಲಿ ಕೂತಿರುತ್ತವೆ, ಎಳೆದರೆ ಈಚೆಗೆ. ಮನೆಯ ಕಟ್ಟೆಯ ಮೇಲೆ ಊಟದ ತಾಟು ಇಟ್ಟುಕೊಂಡು ಬಿಚ್ಚಿದ ಸ್ಕ್ರೂಗಳನ್ನು ಬಂದ ಕ್ರಮದಲ್ಲೇ ಸಾಲಾಗಿ ಜೋಡಿಸಿದೆ. ಕೊಟ್ಟವನ ಕ್ರಮದಲ್ಲೇ ಜಮಾ ಬರೆದರೆ ಲೆಕ್ಕ ತಪ್ಪುವುದಿಲ್ಲ.

ಗಾಜಿನ ಬದಲು ಏನು? ಅಮೀನಗಡದ ಕರದಂಟಿನ ಡಬ್ಬಿಯ ಮುಚ್ಚಳ! ಆರುಪಾರು ಕಾಣುವ ಗಟ್ಟಿ ಪ್ಲಾಸ್ಟಿಕ್ಕು. ಹಳೆಯ ಗಾಜಿನ ಅಳತೆ ಇಟ್ಟು ಕತ್ತರಿಸಿ, ಒಂದು ಹನಿಗೆ ಹಿಡಿದುಕೊಳ್ಳುವ ಅಂಟು ಹಚ್ಚಿ ಕೂಡಿಸಿದೆ. ಮುಂಜಾನೆ ಎದ್ದು ನೋಡಿದರೆ ಇಡೀ ಮುಚ್ಚಳಕ್ಕೆ ಒಳಗಿನಿಂದ ಬಿಳಿ ಬೂಷ್ಟು. ಆ ಅಂಟಿನ ಹೊಗೆ ಮುಚ್ಚಿದ ಜಾಗದಲ್ಲಿ ಪ್ಲಾಸ್ಟಿಕ್ಕಿಗೆ ಹೀಗೆ ಮಂಜು ಬರಿಸುತ್ತದಂತೆ. ಮುಜಮ್ಮಿಲ ಹಿಂದಿನಿಂದ ಕೂಗಿ ಹೇಳಿದ್ದು ಅದನ್ನೇ. ಇನ್ನೊಂದು ಡಬ್ಬಿ ತರಿಸಿ, ಮನೆಯವರೆಲ್ಲ ಕರದಂಟು ತಿಂದು ಮುಗಿಸಿ, ಎರಡು ಟ್ಯೂಬು ಕಲಸಿ ಹಚ್ಚುವ ಅಂಟಿನಿಂದ ಮತ್ತೆ ಕೂಡಿಸಿದೆ. ಈ ಸಲ ಬೂಷ್ಟು ಬರಲಿಲ್ಲ. ‘ಈಗ ಕನ್ನಡಿಯಂಗ ಆತ್ರಿ ಮಾವಾರ’ ಎಂದಳು ಭಾಗ್ಯಜ್ಯೋತಿ.

ಆದರೂ ನನಗೆ ಮಸುಕು ಹೋಗಲಿಲ್ಲ. ಬಿಸಿಲಿಗೆ ಹಿಡಿದು ನೋಡಿ ಕಾರಣ ಕಂಡುಹಿಡಿದೆ. ತಪ್ಪು ಗಾಜಿನದಲ್ಲ, ಮುಳ್ಳಿನದು. ಕೆಂಪಗಿರಬೇಕಾದ ಮುಳ್ಳು ಬಿಸಿಲು ತಿಂದು ಬೂದಿಬಣ್ಣವಾಗಿದೆ. ಕರಿ ಹಲಗೆಯ ಮೇಲೆ ಬೂದಿ ಮುಳ್ಳು ತಿರುಗಿದರೆ ಯಾವ ಮನುಷ್ಯನಿಗೆ ಕಂಡೀತು? ಮತ್ತೆ ಬಿಚ್ಚಿ, ಎರಡು ಕಡೆಯಿಂದ ಎರಡು ಚಹಾ ಚಮಚ ತೂರಿಸಿ ಮೆಲ್ಲಗೆ ಎಬ್ಬಿಸಿದರೆ ಮುಳ್ಳು ಕೈಗೆ ಬಂತು. ಭಾಗ್ಯಜ್ಯೋತಿಯಿಂದ ಉಗುರಿನ ಕೆಂಪು ಬಣ್ಣ ಇಸಗೊಂಡು ಹಚ್ಚಿದೆ. ಒಣಗಿದ ಮೇಲೆ ನೋಡಿದರೆ ಮತ್ತೆ ಅದೇ ಬೂದಿ. ಎರಡನೆಯ ಕೈ ಕೊಟ್ಟೆ. ಬೂದಿ. ಇದು ಡೂಪ್ಲಿಕೇಟ್ ಮಾಲು, ಬೇರೆ ಬಾಟಲಿ ಕೊಡವ್ವಾ ಎಂದೆ.

‘ಇದಕ್ಕಿಂತ ಕೆಂಪ ಊರಾಗ ಸಿಗೂದಿಲ್ರಿ ಮಾವಾರ. ಇದನ್ನ ಹಚ್ಚಿಕೊಂಡ್ರ ಅತ್ತಿಯಾರು ‘ಏನಬೇ, ನಾಟಕದಾಕಿಯಂಗ’ ಅಂತ ಬೈತಾರ’ ಎಂದು ನಕ್ಕಳು.

ಈಗಿನ ಹುಡುಗಿಯರಿಗೆ ಕೆಂಪು ಯಾವುದೆಂದು ಗೊತ್ತಿಲ್ಲ. ನಮ್ಮ ಸೀರೆಯ ಮೈ ಯಾವ ಬಣ್ಣದ್ದೇ ಇರಲಿ, ಸೆರಗು ಕೆಂಪು. ಆ ಕೆಂಪು ನಿನ್ನ ಬಣ್ಣದ ಹಂಡೆಯಿಂದ ಎದ್ದದ್ದೋ ಇನ್ನೊಬ್ಬರ ಹಂಡೆಯದೋ ಎಂದು ರಸ್ತೆಯ ಆಚೆ ನಿಂತು ಹೇಳುತ್ತಿದ್ದೆ ನಾನು. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ: ಪ್ಲಾಸ್ಟಿಕ್ಕಿನ ಮೇಲೆ ಕೆಂಪು ನಿಲ್ಲಬೇಕಾದರೆ ಏನು ಬೆರೆಸಬೇಕು? ಬೇಗ ಬರೆ. ಅಲ್ಲಿಯವರೆಗೆ ಕೈ ಮೇಲೆ ಕೈ ಕೊಡುತ್ತಿರುತ್ತೇನೆ.

ಭಾಬಿಗೆ ನಮಸ್ಕಾರ. ನರ್ಗೀಸಳಿಗೂ ಅವಳ ಮಕ್ಕಳಿಗೂ ಆಶೀರ್ವಾದ.

ನಿನ್ನ
ಪಾಂಡಪ್ಪ

ತಾ.ಕ.: ನರ್ಗೀಸಳಿಗೆ ಕರದಂಟು ಕಳಿಸಿದ್ದೇನೆ. ಡಬ್ಬಿಗೆ ಮುಚ್ಚಳ ಇರುವುದಿಲ್ಲ. ಕಾರಣ ಮೇಲೆ ಬರೆದಿದೆ.


ಇಳಕಲ್
೨೦ ಜನವರಿ ೨೦೨೫

ಅಬ್ದುಲ,

ಸಂಕ್ರಾಂತಿಯ ಕುಸುರೆಳ್ಳು ಈ ಪತ್ರದ ಜೊತೆಗಿದೆ. ನಿನ್ನ ಉತ್ತರ ಬಂದು ಬಹಳ ದಿನವಾಯಿತು. ಈ ಸಲದ ತಡಕ್ಕೆ ಹಬ್ಬ ಕಾರಣವಲ್ಲ. ಓದುತ್ತಾ ಹೋಗು, ಸಿಗುತ್ತದೆ.

ನಾನು ಕೇಳಿದ್ದು ಬಣ್ಣದ ಉಪಾಯ. ನೀನು ಕಳಿಸಿದ್ದು ರೇಷ್ಮೆಯ ಎರಡು ಎಳೆ, ಜೊತೆಗೆ ಒಂದು ಸಾಲು: ‘ಬಿಸಿಲಾಗ ಹಿಡದು ಯಾವುದು ಯಾವ ಬಣ್ಣ ಅಂತ ಬರಿ. ಯಾರನ್ನೂ ಕೇಳಬ್ಯಾಡ.’ ನೋಡಿದೆ. ಎರಡೂ ಒಂದೇ ಒಣಹುಲ್ಲಿನ ಬಣ್ಣ. ಪಾಪ, ಕಿವಿಯ ಹಿಂದೆ ಬುದ್ಧಿಯೂ ಹೊರಟಿತು, ಒಂದೇ ಲಡಿಯಿಂದ ಎರಡು ಸಲ ಕಿತ್ತು ಕಳಿಸಿದ್ದಾನೆ ಎಂದುಕೊಂಡು ಎಳೆಗಳನ್ನು ಕನ್ನಡಕದ ಡಬ್ಬಿಗೆ ಹಾಕಿ ಜೇಬಿನಲ್ಲಿಟ್ಟೆ.

ಅದೇ ವಾರ ಮೀಟರು ಕೂಡಿಸಿ, ಮಾದೇವಿಯನ್ನು ಹಿಂದೆ ಕೂಡಿಸಿ, ಅಮೀನಗಡದ ದಾರಿ ಹಿಡಿದೆ. ಗಾಡಿ ಹಗುರಾಗಿ ಹೊರಟಿತು. ಹುನಗುಂದ ಇನ್ನೂ ದೂರವಿತ್ತು, ಮುಳ್ಳು ಆಗಲೇ ಅರವತ್ತು ದಾಟಿತ್ತು.

‘ಎಷ್ಟರಾಗ ಹೊಂಟೀರಿ?’ ಎಂದಳು ಹಿಂದಿನಿಂದ.

‘ಅರವತ್ತರ ಮ್ಯಾಲ. ಹೆದರಬ್ಯಾಡ.’

ಅಷ್ಟರಲ್ಲಿ ಹಾಲಿನ ಕ್ಯಾನು ಎರಡೂ ಕಡೆ ಕಟ್ಟಿಕೊಂಡ ಮೊಪೆಡ್ಡಿನವನೊಬ್ಬ ಬೀಡಿ ಸೇದುತ್ತಾ ನಮ್ಮನ್ನು ದಾಟಿ ಹೋದ.

‘ಹಂಗಾರ ಆ ಹಾಲಿನಾಂವ ನೂರರಾಗ ಹೊಂಟಾನೇನ್ರಿ?’

ಮುಂದೆ ಹೆಣ್ಣುಮಗಳೊಬ್ಬಳು ಹೊರೆ ಹೊತ್ತು ನಡೆದಿದ್ದಳು. ಮಾದೇವಿ, ‘ಆಕಿನ್ನರ ಹಿಂದ ಹಾಕ್ರಿ, ಮರ್ಯಾದಿ ಪ್ರಶ್ನೆ’ ಎಂದಳು. ಹುನಗುಂದಕ್ಕೂ ಮುಟ್ಟದೆ ಗಾಡಿ ತಿರುಗಿಸಿದೆ. ಮೀಟರು ನೆಟ್ಟಗಾಗಿಲ್ಲ, ಆದ್ದರಿಂದ ಈ ಪ್ರಯಾಣ ಕರಾರಿನೊಳಗೆ ಬರುವುದಿಲ್ಲ ಎಂದು ಮನೆಗೆ ಬಂದ ಮೇಲೆ ಇಬ್ಬರೂ ಒಪ್ಪಿಕೊಂಡೆವು. ಚಾವಿ ಸಂಚಿಗೆ ಹೋಯಿತು.

ಮುಜಮ್ಮಿಲ ಮೀಟರು ಬಿಚ್ಚಿ ಮುಳ್ಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ನಿನ್ನ ಮನೆತನದವರಿಗೆ ನಗು ತಡೆದುಕೊಳ್ಳುವ ಅಭ್ಯಾಸವಿಲ್ಲ.

‘ಕಾಕಾ, ಮುಳ್ಳಿಗೆ ಎಷ್ಟ ಸೀರಿ ಉಡಿಸೀರಿ?’

ಒಂದರ ಮೇಲೊಂದು ಕೈ ಬಣ್ಣ ಕೊಟ್ಟು ಮುಳ್ಳು ಹುಣಸೆಬೀಜದಷ್ಟು ದಪ್ಪವಾಗಿತ್ತು. ಆ ಭಾರಕ್ಕೇ ಅದು ತೊನೆಯುತ್ತಿತ್ತಂತೆ. ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ‘ಮುಳ್ಳಿನ ಖರೇ ಜಾಗಾ ಸೊನ್ನಿ ಅಲ್ಲ ಕಾಕಾ. ಬಿಟ್ರ ಅದು ಸೊನ್ನಿಗಿಂತ ಕೆಳಗ ಹೋಗಿ ಮಲಗತೈತಿ. ಅಲ್ಲೊಂದು ಸಣ್ಣ ಮೊಳಿ ಇರತೈತಲ್ಲ, ಅದು ಅದನ್ನ ಹಿಡದು ಸೊನ್ನಿ ಮ್ಯಾಲ ನಿಂದ್ರಿಸಿರತೈತಿ. ಕೀಳೂ ಮೊದಲ ಮುಳ್ಳನ್ನ ಮೊಳಿ ದಾಟಿಸಿ, ಎಲ್ಲಿ ಹೋಗಿ ಮಲಗತೈತಿ ನೋಡಿ ಗುರ್ತ ಮಾಡಬೇಕ್ರಿ. ನೀವು ಸೀದಾ ಕಿತ್ತು, ಸೀದಾ ಸೊನ್ನಿ ಮ್ಯಾಲ ಚುಚ್ಚೀರಿ. ಅದಕ್ಕ ಗಾಡಿ ನಡದ್ರ ಅದು ಓಡೇನಿ ಅಂತೈತಿ.’

ಸೊನ್ನೆಗಿಂತ ಕೆಳಗೆ ಮಲಗಿದ್ದನ್ನು ಒಂದು ಮೊಳೆ ಹಿಡಿದು ಸೊನ್ನೆಗೆ ನಿಲ್ಲಿಸುತ್ತದೆ! ನನ್ನ ವ್ಯಾಪಾರ ಶುರುವಾದದ್ದೂ ಅಲ್ಲಿಂದಲೇ. ಆಗ ಮೊಳೆ ನೀನಾಗಿದ್ದೆ, ಅದನ್ನು ನಾನು ಮರೆತಿಲ್ಲ.

ಅವನು ಬ್ಲೇಡಿನಿಂದ ಬಣ್ಣವನ್ನೆಲ್ಲ ಹೆರೆದು ತೆಗೆದು ಮುಳ್ಳನ್ನು ತೋರಿಸಿದ. ‘ನೋಡ್ರಿ, ಕಂಪನಿ ಬಣ್ಣ ಕೆಂಡದಂಗ ಐತಿ. ಇದಕ್ಕ ಮ್ಯಾಲ ಯಾಕ ಹಚ್ಚಿದ್ರಿ?’

ನನ್ನ ಕಣ್ಣಿಗೆ ಅದು ಬೂದಿಯಾಗಿಯೇ ಇತ್ತು. ಬೆಳಕು ಸಾಲದೇನೋ ಎಂದು ಕನ್ನಡಕದ ಡಬ್ಬಿ ತೆಗೆದೆ. ನಿನ್ನ ಎಳೆಗಳು ನೆಲಕ್ಕೆ ಬಿದ್ದವು. ಮುಜಮ್ಮಿಲ ಎತ್ತಿಕೊಟ್ಟ.

‘ಮಾಮಾ ಕಳಸ್ಯಾರೇನು? ಕೆಂಪ, ಹಸರ, ಎರಡೂ ಚೊಲೋ ಬಣ್ಣ ಹಿಡದಾವ.’

‘ಯಾವುದು ಕೆಂಪ?’ ಎಂದೆ. ಮಾತು ಬಾಯಿಂದ ಹೊರಟ ಮೇಲೆ ಅದು ಎಂಥ ಪ್ರಶ್ನೆ ಎಂದು ನನಗೇ ಕೇಳಿಸಿತು.

ಅವನ ನಗು ನಿಂತಿತು. ಎರಡು ಎಳೆಗಳನ್ನೂ ನನ್ನ ಎರಡು ಕೈಗಳಲ್ಲಿ ಬೇರೆ ಬೇರೆ ಇಟ್ಟು, ‘ಈ ಕೈಯಾಗಿಂದು ಕೆಂಪ ಕಾಕಾ’ ಎಂದು ನನ್ನ ಬಲಗೈ ಮುಚ್ಚಿದ.

ನೀನು ನನ್ನ ಹಿಂದಿನ ಪತ್ರ ಓದುವಾಗಲೇ ಹಿಡಿದಿದ್ದೆಯಲ್ಲ? ಇಲ್ಲಿ ಕಣ್ಣಿದ್ದವರು ಇಷ್ಟೊಂದು ಮಂದಿ ಹಿಡಿಯದ್ದನ್ನು ಸೊಲ್ಲಾಪುರದಲ್ಲಿ ಕೂತ ಕಿವುಡ ಹಿಡಿದ. ನಿನ್ನ ಮೇಲೆ ಸಿಟ್ಟು ಬಂದಿತ್ತು, ಈಗ ಇಲ್ಲ.

ಬಾಗಲಕೋಟೆಯಲ್ಲಿ ಹಳೆಯ ಮೀಟರು ಸಿಗುತ್ತದೆ, ನೋಡಿ ಬರುತ್ತೇವೆ ಎಂದು ಮಾದೇವಿಗೆ ಹೇಳಿ ಮುಜಮ್ಮಿಲನ ಜೊತೆ ಬಸ್ಸು ಹತ್ತಿದೆ. ಕಣ್ಣಿನ ಡಾಕ್ಟರು ಹೆಣ್ಣುಮಗಳು, ನಮ್ಮ ಕಡೆಯವಳೇ. ಚುಕ್ಕಿಗಳೇ ತುಂಬಿದ ಒಂದು ಪುಸ್ತಕ ತೆಗೆದು, ‘ಇದರಾಗ ಯಾವ ಅಂಕಿ ಐತ್ರಿ ಅಜ್ಜಾರ?’ ಎಂದಳು. ಅಂಕಿ ಎಲ್ಲಿಯದು! ‘ಅಂಕಿ ಇಲ್ಲವ್ವಾ. ಚಿಕ್ಕಿ ಚೊಲೋ ಬಿದ್ದಾವು, ಅಂಚಿಗೆ ನೇಯಿಸಿದ್ರ ಮಾರಾಟ ಆಗತೈತಿ’ ಎಂದೆ. ನಕ್ಕಳು. ಪುಟ ತಿರುವಿದಳು, ಮತ್ತೆ ತಿರುವಿದಳು. ನಾನು ಪ್ರತಿ ಪುಟಕ್ಕೂ ಚಿಕ್ಕಿ ಎನ್ನುತ್ತಾ ಹೋದೆ. ಆಮೇಲೆ ನಗಲಿಲ್ಲ.

ಪೊರೆ ಬಂದಿದ್ದರೆ ತೆಗೆಯುತ್ತಿದ್ದರಂತೆ. ಇದು ಪೊರೆ ಅಲ್ಲ. ಕಣ್ಣಿನಿಂದ ತಲೆಗೆ ಹೋಗುವ ನರ ಒಣಗುತ್ತಿದೆ, ಮೊದಲು ಹೋಗುವುದು ಕೆಂಪು ಎಂದಳು. ನರ ಒಣಗಿಸುವುದು ಇದೇ ಎಂದು ಬಾಯಲ್ಲಿದ್ದ ತಂಬಾಕನ್ನು ಉಗುಳಿಸಿದಳು. ‘ಕೇಬಲ್ಲ ಹೋದ್ರ ಹೊಸಾದ ಹಾಕತಾರವ್ವಾ, ಇದಕ್ಕೇನೂ ಇಲ್ಲೇನು?’ ಎಂದು ಕೇಳಿದೆ. ‘ಇದು ಅಂಗಡ್ಯಾಗ ಸಿಗೂದಿಲ್ರಿ ಅಜ್ಜಾರ. ಉಳದದ್ದನ್ನ ಉಳಿಸಿಕೊಳ್ಳೂಣು’ ಎಂದಳು. ಸೂಜಿ ಕೊಡುತ್ತಾರೆ, ಗುಳಿಗೆ ಇದೆ, ತಂಬಾಕು ಇಲ್ಲ. ಹೋದ ಕೆಂಪು ತಿರುಗಿ ಬಂದರೆ ಬಂದೀತು. ಬರುತ್ತದೆಂದು ಲೆಕ್ಕ ಹಾಕಿಕೊಂಡು ಕೂಡಬೇಡಿ ಎಂದಳು. ಮಾತು ಸ್ವಚ್ಛವಾಗಿತ್ತು. ಇಂಥವಳು ಅಂಗಡಿಯಲ್ಲಿ ಕೂತರೆ ಒಂದು ಗಿರಾಕಿಯೂ ತಿರುಗಿ ಹೋಗುವುದಿಲ್ಲ.

ಬರುವಾಗ ಬಸ್ಸಿನಲ್ಲಿ ಮುಜಮ್ಮಿಲನಿಂದ ಮಾತು ತೆಗೆದುಕೊಂಡೆ. ಮಾದೇವಿಗೆ ಇದು ಗೊತ್ತಾಗಬಾರದು. ನಿನ್ನ ಪತ್ರಗಳನ್ನು ಅವಳೂ ಓದುತ್ತಾಳೆ, ಆದ್ದರಿಂದ ನೀನೂ ಇದರ ಬಗ್ಗೆ ಏನನ್ನೂ ಬರೆಯಕೂಡದು. ಬರೆಯಲೇಬೇಕಾದರೆ ‘ಮೀಟರು’ ಎಂದು ಬರೆ, ನಾನು ಕಣ್ಣು ಎಂದು ಓದಿಕೊಳ್ಳುತ್ತೇನೆ. ಸೂಜಿಗೆ ಹೋಗುವ ದಿನ ಸೊಂಟನೋವು ಎಂದು ಹೇಳುತ್ತೇನೆ. ಯಾಕೆ ಮುಚ್ಚಿಡುತ್ತೀ ಎಂದು ಕೇಳಬೇಡ. ಅವಳಿಗೆ ನನ್ನ ಮೇಲೆ ಒಂದು ನಂಬಿಕೆ ಇದೆ: ಪಾಂಡಪ್ಪ ಬಾಯಿಬಡುಕ, ಜಿಪುಣ, ಹಟಮಾರಿ, ಆದರೆ ಬಣ್ಣದಲ್ಲಿ ಮೋಸ ಹೋಗುವವನಲ್ಲ. ಅಷ್ಟು ಬಂಡವಾಳವಾದರೂ ಉಳಿಯಲಿ.

ಮುಜಮ್ಮಿಲ ಮುಳ್ಳನ್ನು ಅದರ ಜಾಗದಲ್ಲಿ ಕೂಡಿಸಿದ. ಮೀಟರು ನೆಟ್ಟಗಾಯಿತು, ಕರಾರು ಕರಾರೇ. ಮಾದೇವಿ ಬೆಳಿಗ್ಗೆ ತಾನೇ ಚಾವಿ ತೆಗೆದುಕೊಟ್ಟು ಹಿಂದೆ ಕೂತಳು. ನಲವತ್ತು ಎಂದರೆ ನಲವತ್ತರಲ್ಲೇ ಹೋದೆವು. ಬ್ರೇಕಿನ ಕೆಂಪು ದೀಪ ಕಾಣದಿದ್ದರೇನು, ಮುಂದಿನ ಗಾಡಿ ಬ್ರೇಕು ಹಾಕುವ ಮೊದಲೇ ವೇಗ ಇಳಿಸಿದ್ದರೆ ಸಾಕು ಎಂದು ದೂರ ಬಿಟ್ಟು ಓಡಿಸಿದೆ. ಅವಳು ಒಮ್ಮೆಯೂ ಚೀರಲಿಲ್ಲ. ಆದರೆ ಆಗಾಗ ನನ್ನ ಬಲ ಭುಜವನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದಳು. ಹೆದರಿಕೆ ಇರಬೇಕೆಂದುಕೊಂಡೆ. ತಟ್ಟಿದಾಗಲೆಲ್ಲ ಮುಂದಿನ ಗಾಡಿ ಹತ್ತಿರವಾಗಿರುತ್ತಿತ್ತು.

ಅಮೀನಗಡದಲ್ಲಿ ಕರದಂಟಿನ ಅಂಗಡಿಯ ಮುಂದೆ ಇಳಿದಳು. ‘ನೀವ ಗೆದ್ರಿ’ ಎಂದಳು.

ಗೆದ್ದ ಮಾಲು ಕೈಯಲ್ಲಿ ಹಿಡಿದು ನಿಂತಾಗ ಅದು ಎಷ್ಟು ದಿನ ಬಾಳುತ್ತದೆಂದು ತಿಳಿಯದಷ್ಟು ಕಚ್ಚಾ ವ್ಯಾಪಾರಿಯಲ್ಲ ನಾನು. ಮೀಟರಿನ ಮಾತು ಮುಗಿದಿತ್ತು. ಸಳಿಗೆ ಕಟ್ಟಿದ ಅರಿವೆ ಕೆಂಪೇ ಇತ್ತು. ಮುಂದಿನ ಸಲ ಹಿಂದೆ ಕೂತವಳು ಇರುತ್ತಾಳೋ ಇಲ್ಲವೋ. ಊರಿಗೆ ಬಂದು ಗಾಡಿ ನಿಲ್ಲಿಸಿ, ‘ಮೊಣಕಾಲು ಭಾಳ ಹಿಡದೈತಿ. ಇನ್ನ ಯುವರಾಜ ಹೊಡೀಲಿ’ ಎಂದು ಚಾವಿಯನ್ನು ಅವಳ ಕೈಗಿಟ್ಟೆ. ಯಾವ ಮೊಣಕಾಲು, ಯಾವಾಗಿನಿಂದ, ಯಾಕೆ ಹೇಳಲಿಲ್ಲ ಎಂದು ಒಂದನ್ನೂ ಕೇಳದೆ ಸಂಚಿಗೆ ಹಾಕಿಕೊಂಡಳು. ಚೌಕಾಸಿ ಮಾಡದೆ ಅವಳು ಬದನೆಕಾಯಿಯನ್ನೂ ಕೊಂಡವಳಲ್ಲ. ಸ್ವಲ್ಪ ಆಶ್ಚರ್ಯವಾಯಿತು, ಅಷ್ಟಕ್ಕೇ ಬಿಟ್ಟೆ.

ಈಗ ಅಂಗಡಿಯಲ್ಲಿ ಕೂಡುತ್ತೇನೆ. ಗಿರಾಕಿ ಕೆಂಪು ಕೇಳಿದರೆ, ‘ಎಂಥಾ ಕೆಂಪ ಬೇಕ ತಂಗಿ? ನೀವ ಆರಸ್ರಿ, ಉಡವರು ನೀವು’ ಎಂದು ಗಂಟು ಬಿಚ್ಚಿ ಹರವುತ್ತೇನೆ. ಅವರು ಎತ್ತಿಕೊಂಡದ್ದನ್ನು ಕೈಯಲ್ಲಿ ಹಿಡಿದು ನೂಲಿನ ಬಗ್ಗೆ ಮಾತಾಡುತ್ತೇನೆ. ನೂಲು ಇನ್ನೂ ಬೆರಳಿಗೆ ಸುಳ್ಳು ಹೇಳುವುದಿಲ್ಲ. ಮಾರಾಟವೇನೂ ಕಡಿಮೆಯಾಗಿಲ್ಲ. ಮೊದಲು ನಾನೇ ಬಣ್ಣ ಆರಿಸಿ ಕೊಡುತ್ತಿದ್ದೆ, ಈಗ ಅವರ ಮನಸ್ಸಿಗೆ ಬಂದದ್ದನ್ನು ಒಯ್ಯುತ್ತಾರೆ, ಸಂತೋಷವಾಗಿ ಹೋಗುತ್ತಾರೆ. ಇಷ್ಟು ವರ್ಷ ನನ್ನ ಕಣ್ಣಿನಿಂದ ಅವರಿಗೇನು ಲಾಭವಾಗಿತ್ತೋ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಗಾಡಿ ಅಂಗಳದಲ್ಲೇ ಇದೆ, ಯುವರಾಜ ಓಡಿಸುತ್ತಾನೆ. ನಾನು ಕೂಡಿಸಿದ ಕರದಂಟಿನ ಮುಚ್ಚಳಕ್ಕೆ ಮಳೆ ಬಂದರೂ ನೀರು ಇಳಿಯುವುದಿಲ್ಲ ಎಂದು ಮುಜಮ್ಮಿಲ ಸರ್ಟಿಫಿಕೇಟು ಕೊಟ್ಟಿದ್ದಾನೆ. ಅಷ್ಟರಮಟ್ಟಿಗೆ ನನ್ನ ರಿಪೇರಿ ಪಾಸು.

ನಿನ್ನ ಎರಡು ಎಳೆಗಳನ್ನು ತಿರುಗಿ ಕಳಿಸುತ್ತಿಲ್ಲ. ಕೆಂಪಿನದಕ್ಕೆ ಒಂದು ಗಂಟು ಹಾಕಿ ಇಟ್ಟುಕೊಂಡಿದ್ದೇನೆ. ಕಪಾಟಿನಿಂದ ಕಿವಿಯ ಮಷೀನು ತೆಗೆದು ಹಾಕಿಕೋ, ಮಾರಾಯ. ನಮ್ಮಿಬ್ಬರಲ್ಲಿ ಒಬ್ಬನಾದರೂ ರಿಪೇರಿಯಾಗುವಂಥವನಿದ್ದಾನಲ್ಲ. ಭಾಬಿಗೆ ನಮಸ್ಕಾರ. ನರ್ಗೀಸಳ ಮಕ್ಕಳು ಎಳ್ಳು ಬೆಲ್ಲ ತಿಂದು ದೊಡ್ಡವರಾಗಲಿ, ಕಣ್ಣು ಕಿವಿ ಎಲ್ಲ ನೆಟ್ಟಗಿರಲಿ ಎಂದು ಹರಸುತ್ತೇನೆ.

ನಿನ್ನ
ಪಾಂಡಪ್ಪ

ತಾ.ಕ.: ಪತ್ರ ಮುಗಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಸಂಕ್ರಾಂತಿಯ ದಿನದ ಒಂದು ಮಾತು ಬರೆಯದೆ ಬಿಟ್ಟಿದ್ದೆ. ಆ ದಿನ ಮಾದೇವಿ ಹೊಸ ಸೀರೆ ಉಟ್ಟು ಬಂದು ಎಳ್ಳು ಬೆಲ್ಲ ಕೊಟ್ಟಳು. ನಾನು ಅವಳ ಸೆರಗು ನೋಡಿ, ‘ಎಷ್ಟ ವಯಸ್ಸಾದರೂ ಕೆಂಪ ಸೆರಗ ನಿನಗ ಒಪ್ಪಿದಂಗ ಯಾರಿಗೂ ಒಪ್ಪೂದಿಲ್ಲ ನೋಡು’ ಎಂದೆ. ‘ಹೌದ್ರಿ’ ಎಂದಳು. ಅಷ್ಟೇ ಅಂದಳು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಜಯಶ್ರೀ ಬಂದು ಬಾಗಿಲಲ್ಲೇ ನಿಂತು, ‘ಯಕ್ಕಾ, ಹಸರ ಸೆರಗಿನ ಸೀರಿ ಯಾವಾಗ ತಗೊಂಡ್ರಿ, ಭಾರಿ ಒಪ್ಪೇತಿ!’ ಎಂದಳು. ಮಾದೇವಿ ಅವಳ ಕೈಗೆ ಎಳ್ಳು ಬೆಲ್ಲ ಹಾಕಿ, ‘ಮೆಲ್ಲಕ ಮಾತಾಡವಾ, ಅವ್ರು ಒಳಗದಾರ’ ಎಂದಳು. ನಾನು ಒಳಗೇ ಇದ್ದೆ, ಅಬ್ದುಲ. ನನ್ನ ಕಿವಿ ಚೆನ್ನಾಗಿವೆ. ಮುಂದಿನ ಪತ್ರದಲ್ಲಿ ಕಣ್ಣನ್ನು ಕಣ್ಣೆಂದೇ ಬರೆ.